ಬಾಸೆಲ್ಲೂ ಬೇಡ, ಲಂಡನ್ನೂ ಬೇಡ: ಮೊದಲು ನಿಮ್ಮ ಪ್ರಶ್ನಾವಳಿ ತೋರಿಸಿ

ಸಂಶೋಧನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ದಾಖಲೆ ಹಿಡಿಯಲೇ, ಲಂಡನ್ ಮಿಷನ್ನಿನದು ಹಿಡಿಯಲೇ ಎಂದು ಕೇಳಿದ್ದೀರಿ. ನಿಮ್ಮ ವಿಷಯ ‘ಚಿತ್ರದುರ್ಗ–ದಾವಣಗೆರೆ ಭಾಗದಲ್ಲಿ ವಿದೇಶಿ ಮಿಷನರಿಗಳು: ಅಂದು, ಇಂದು’. ಒಂದೆರಡು ಪದ ಆಚೀಚೆ ಮಾಡಿದರೆ ಅದು ನನ್ನದೇ ಪಿಎಚ್.ಡಿ. ಶೀರ್ಷಿಕೆ. ಓದಿ ಸುಮ್ಮನೆ ಮುಂದೆ ಹೋಗಲಾಗಲಿಲ್ಲ.

ನಾನು ದಾವಣಗೆರೆಯವನು. ಮನೆಯಲ್ಲಿ ಲಿಂಗಪೂಜೆ, ಓದಿದ್ದು ಸಿಸ್ಟರ್‌ಗಳ ಶಾಲೆಯಲ್ಲಿ. ಆದರೂ ಮಿಷನರಿ ಎಂದೊಡನೆ ಕಣ್ಣೆದುರು ಬರುತ್ತಿದ್ದವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್‌ನವರು, ಪತ್ರಿಕೆ ಹೊರಡಿಸಿದ ಮೊಗ್ಲಿಂಗ್, ನಿಘಂಟಿನ ಕಿಟೆಲ್. ಗಡ್ಡ, ಹ್ಯಾಟು, ಕುದುರೆ. ನನಗೆ ಅಕ್ಷರ ಕಲಿಸಿದ ಸಿಸ್ಟರ್ ಕೇರಳದವರು ಎನ್ನುವುದು ಗೊತ್ತಿದ್ದೂ, ಅವರೂ ಮಿಷನರಿ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಹೀಗೆ ಹೊಳೆಯದಿದ್ದದ್ದು ಪ್ರಶ್ನಾವಳಿಯೊಳಗೆ ಹೋಗಿ ಕೂತಿತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಫೆಲೋಶಿಪ್‌ನ ಅವಧಿಯನ್ನು ತಿಂದುಹಾಕಿದ್ದು ಇದೇ. ನನ್ನ ಏಳನೆಯ ಪ್ರಶ್ನೆ ‘ಮಿಷನರಿಯ ದೇಶ’. ಅದರ ಮುಂದೆ ಚೌಕಗಳು: ಬ್ರಿಟನ್, ಜರ್ಮನಿ, ಸ್ವಿಟ್ಜರ್ಲೆಂಡ್, ಅಮೆರಿಕ, ಇಟಲಿ, ಇತರೆ. ಟಿಕ್ ಹಾಕಿದರೆ ಮುಗಿಯಿತು. ‘ಇತರೆ’ಯ ಪಕ್ಕದಲ್ಲಿ ಹೆಸರು ಬರೆಯಲು ಒಂದು ಗೆರೆ ಇರಬೇಕಿತ್ತಲ್ಲವೇ? ಮೊದಲ ಕರಡಿನಲ್ಲಿ ಇತ್ತು. ಜೆರಾಕ್ಸ್ ಅಂಗಡಿಯವನು ಫಾರಂ ಮೂರನೆಯ ಪುಟಕ್ಕೆ ಹೋಗುತ್ತದೆ ಎಂದ. ಎರಡೇ ಪುಟಕ್ಕೆ ಇಳಿಸಿದರೆ ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ಮುಗಿಯುತ್ತಿತ್ತು. ಹಾಗಾಗಿ ಆ ಗೆರೆ ತೆಗೆಸಿದೆ. ಉಳಿತಾಯವಾದದ್ದು ಕೆಲವು ನೂರು ರೂಪಾಯಿ.

ಹರಿಹರದ ಆರೋಗ್ಯ ಮಾತೆಯ ಹಬ್ಬ ಪ್ರತಿವರ್ಷ ಸೆಪ್ಟೆಂಬರ್ 8ಕ್ಕೆ. ಅಲ್ಲಿಗೆ ಫಾರಂ ಕಟ್ಟು ಹೊತ್ತುಕೊಂಡು ಹೋದೆ. ನೆರಳಲ್ಲಿ ಕೂತಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ಕನ್ನಡಕ ಏರಿಸಿ ಏಳನೆಯ ಪ್ರಶ್ನೆ ಓದಿದರು. “ತಮ್ಮ, ನನ್ನ ಊರು ಕೊಟ್ಟಾಯಂ. ಹದಿನೆಂಟು ವರ್ಷ ತಾಂಜಾನಿಯಾದಲ್ಲಿ ಹೆರಿಗೆ ಮಾಡಿಸಿ ಬಂದಿದ್ದೇನೆ. ನಮ್ಮ ಸನ್ಯಾಸಿನಿಯರ ಸಭೆಯ ಮುಖ್ಯಮನೆ ಇರುವುದು ರೋಮ್‌ನಲ್ಲಿ. ಎಲ್ಲಿ ಟಿಕ್ ಹಾಕಲಿ?” ಎಂದರು. ನಾನು ‘ಇತರೆ’ ತೋರಿಸಿದೆ. ಅವರು ನಕ್ಕು ಹಾಕಿದರು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ತಾಂಡಾಗಳಲ್ಲಿ ಲಂಬಾಣಿ ಭಾಷೆಯಲ್ಲೇ ಪ್ರಾರ್ಥನೆ ನಡೆಸುವ, ಅನಂತಪುರದ ಕಡೆಯಿಂದ ಬಂದ ಸಭಾಪಾಲಕರೂ (ಪಾಸ್ಟರ್) ‘ಇತರೆ’. ಮಿಜೋರಂನಿಂದ ಬಂದಿದ್ದ ಹುಡುಗನೊಬ್ಬನೂ ‘ಇತರೆ’.

ಕೋಷ್ಟಕ ಹಾಕಿದಾಗ ಐದು ದೇಶಗಳ ಚೌಕಗಳು ಬಹುಪಾಲು ಖಾಲಿ, ‘ಇತರೆ’ ತುಂಬಿ ತುಳುಕುತ್ತಿತ್ತು. ನನ್ನ ಮಾರ್ಗದರ್ಶಕರು ಕನ್ನಡಕ ತೆಗೆದು, “ಈ ಇತರೆ ಎನ್ನುವ ದೇಶ ಭೂಪಟದಲ್ಲಿ ಎಲ್ಲಿದೆಯಪ್ಪ?” ಎಂದು ಕೇಳಿದರು. ಗೆರೆ ಇದ್ದಿದ್ದರೆ ಬಿಡಿಸಿ ಬರೆಯಬಹುದಿತ್ತು. ಇರಲಿಲ್ಲ. ಫಾರಂಗಳ ಮೇಲೆ ಹೆಸರನ್ನೂ ಕೇಳಿರಲಿಲ್ಲವಾದ್ದರಿಂದ ಯಾರು ಯಾರೆಂದು ಹುಡುಕಿಕೊಂಡು ಹೋಗುವ ಹಾಗೂ ಇರಲಿಲ್ಲ. ಕ್ಷೇತ್ರಕಾರ್ಯ ಮೊದಲಿನಿಂದ ಮಾಡಬೇಕಾಯಿತು, ಈ ಸಲ ಕೈಯಿಂದ ದುಡ್ಡು ಹಾಕಿ.

ಗೆರೆ ಹೋಗಲಿ, ಪ್ರಶ್ನೆಯೇ ತಪ್ಪಾಗಿತ್ತು. ಹುಟ್ಟಿದ್ದು ಎಲ್ಲಿ, ಕಳುಹಿಸಿದವರು ಯಾರು, ಖರ್ಚು ಕೊಡುವವರು ಯಾರು, ಹೋಗುತ್ತಿರುವುದು ಯಾರ ಬಳಿಗೆ: ಈ ನಾಲ್ಕನ್ನೂ ‘ದೇಶ’ ಎಂಬ ಒಂದೇ ಪದಕ್ಕೆ ತುರುಕಿದ್ದೆ. ಕಿಟೆಲ್ ಕಾಲಕ್ಕೆ ಮೊದಲ ಮೂರಕ್ಕೆ ಸುಮಾರಾಗಿ ಒಂದೇ ಉತ್ತರ ಬರುತ್ತಿತ್ತು. ಇಂದು ನಾಲ್ಕಕ್ಕೆ ನಾಲ್ಕು ಉತ್ತರ.

ಅದೂ ಇತ್ತೀಚಿನ ಮಾತಲ್ಲ. 1910ರಲ್ಲಿ ಎಡಿನ್‌ಬರೋದಲ್ಲಿ ಜಾಗತಿಕ ಮಿಷನರಿ ಸಮ್ಮೇಳನ ನಡೆದಾಗ ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರಾದ ತಮಿಳು ಪಾದ್ರಿ ವಿ.ಎಸ್. ಅಜರಯ್ಯ ಎದ್ದು ನಿಂತು, ನಮಗೆ ಬೇಕಾದದ್ದು ಸ್ನೇಹಿತರು ಎಂದು ಬಿಳಿಯರ ಮುಖಕ್ಕೇ ಹೇಳಿದರು. ಆದರೆ ಅದಕ್ಕೆ ಏಳು ವರ್ಷ ಮೊದಲೇ, 1903ರಲ್ಲಿ, ಅದೇ ಅಜರಯ್ಯ ಮತ್ತು ಸಂಗಡಿಗರು ತಿರುನೆಲ್ವೇಲಿಯಲ್ಲಿ ತಮ್ಮದೇ ಮಿಷನ್ ಕಟ್ಟಿ, ಮರುವರ್ಷದಿಂದ ತಮಿಳರನ್ನು ತೆಲುಗು ನಾಡಿನ ದೋರ್ನಕಲ್‌ಗೆ ಕಳುಹಿಸಿಯಾಗಿತ್ತು. ‘ವಿದೇಶಿ’ ಎಂಬ ನಿಮ್ಮ ಪದದೊಳಗೆ ಇವರನ್ನು ಎಲ್ಲಿ ಕೂರಿಸುತ್ತೀರಿ?

ಮಿಜೋರಂನ ಕಥೆ ನನಗೆ ಇನ್ನೂ ಇಷ್ಟ. ವೇಲ್ಸ್‌ನ ಮಿಷನರಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿಗೆ ಹೋದರು. ಇಂದು ಮಿಜೋ ಮಿಷನರಿಗಳು ವೇಲ್ಸ್‌ನಲ್ಲಿ ಕೆಲಸ ಮಾಡಿದ್ದಾರೆ. ಹಣ? ಅಲ್ಲಿನ ಹೆಂಗಸರು ಪ್ರತಿ ಹೊತ್ತು ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುತ್ತಾರೆ. ಅದನ್ನು ಸಭೆ, ಎಂದರೆ ಅಲ್ಲಿನ ಚರ್ಚ್, ಮಾರಿ ಮಿಷನ್‌ಗೆ ಬಳಸುತ್ತದೆ. ನಮ್ಮ ಮಠಗಳ ಪ್ರಸಾದನಿಲಯಗಳಿಗೆ ಹಳ್ಳಿಗಳಿಂದ ಜೋಳದ ಚೀಲ ಬರುತ್ತಿದ್ದುದನ್ನು ಬಲ್ಲ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಣವೆಲ್ಲ ಡಾಲರಿನಲ್ಲೇ ಬರುತ್ತದೆ ಎಂದುಕೊಂಡು ಹೊರಡುವ ಸಂಶೋಧಕ ಈ ಹಿಡಿ ಅಕ್ಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕೊರಿಯಾಕ್ಕೆ ಪ್ರೊಟೆಸ್ಟೆಂಟ್ ಪಾದ್ರಿಗಳು ಅಮೆರಿಕದಿಂದ ಬಂದದ್ದು 1885ರಲ್ಲಿ. ಈಗ ದಕ್ಷಿಣ ಕೊರಿಯಾ 20 ಸಾವಿರಕ್ಕೂ ಹೆಚ್ಚು ಮಿಷನರಿಗಳನ್ನು ಹೊರಗೆ ಕಳುಹಿಸಿದೆ. ಬಿಳಿಯರ ದರ್ಪ ಹೋಯಿತು, ಇನ್ನೆಲ್ಲ ಸಲೀಸು ಎಂದು ಸಂಭ್ರಮಿಸಬೇಡಿ. 2007ರಲ್ಲಿ ಅಫ್ಘಾನಿಸ್ತಾನಕ್ಕೆ ಹೋದ ಕೊರಿಯಾದ 23 ಮಂದಿಯನ್ನು ತಾಲಿಬಾನ್ ಸೆರೆಹಿಡಿದು ಇಬ್ಬರನ್ನು ಕೊಂದಾಗ, ಇಂಥ ಅಪಾಯದ ಜಾಗಕ್ಕೆ ಏಕೆ ಕಳುಹಿಸಿದಿರಿ ಎಂದು ಆ ದೇಶದವರೇ ತಮ್ಮ ಸಭೆಗಳನ್ನು ತರಾಟೆಗೆ ತೆಗೆದುಕೊಂಡರು. ಇನ್ನು ಉಕ್ರೇನಿನ ಕೀವ್‌ನಲ್ಲಿ 1990ರ ದಶಕದಲ್ಲಿ ದೊಡ್ಡ ಸಭೆಯೊಂದನ್ನು ಕಟ್ಟಿದವರು ನೈಜೀರಿಯಾದ ಪಾದ್ರಿ. ಜರ್ಮನಿಯ ಎಷ್ಟೋ ಊರುಗಳಲ್ಲಿ ಭಾನುವಾರದ ಪೂಜೆ ನಡೆಸುವವರು ಭಾರತದ ಫಾದರ್‌ಗಳು.

ಈಗ ನೀವು ಕೇಳಿದ್ದಕ್ಕೆ. ನಿಮ್ಮ ಎರಡು ಆಯ್ಕೆಗಳೂ ಈ ಜಾಗಕ್ಕೆ ಸರಿಹೊಂದುವುದಿಲ್ಲ. ಬಾಸೆಲ್‌ನವರು ಮಂಗಳೂರು, ಧಾರವಾಡ, ಹುಬ್ಬಳ್ಳಿ ಕಡೆ. ಲಂಡನ್ ಮಿಷನ್‌ನವರು ಬಳ್ಳಾರಿ, ಬೆಂಗಳೂರು ಕಡೆ. ಚಿತ್ರದುರ್ಗ, ದಾವಣಗೆರೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಸಂಸ್ಥಾನದ ಊರುಗಳಲ್ಲಿ ಹೆಚ್ಚಾಗಿ ಓಡಾಡಿದವರು ವೆಸ್ಲಿಯನ್ನರು, ಎಂದರೆ ಇಂಗ್ಲೆಂಡಿನ ಮೆಥಡಿಸ್ಟ್ ಪಂಥದವರು, ಮೈಸೂರಿನಲ್ಲಿ ಮುದ್ರಣಾಲಯ ನಡೆಸಿದವರು. ಹಳೆಯ ಅಧ್ಯಾಯಕ್ಕೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಿಂದ ಶುರುಮಾಡಿ. ವಿಮಾನದ ಟಿಕೆಟಿನ ಯೋಚನೆ ಆಮೇಲೆ.

‘ಇಂದು’ ಎನ್ನುವ ಭಾಗಕ್ಕೆ ಹರಿಹರಕ್ಕೆ ಹೋಗಿ, ಆದರೆ ಹಬ್ಬದ ದಿನ ಖಂಡಿತ ಬೇಡ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಹಬ್ಬ ಮುಗಿದ ಮರುವಾರ ಹೋಗಿ. ಚೌಕ ಬೇಡ, ನಾಲ್ಕು ಪ್ರಶ್ನೆಗೆ ನಾಲ್ಕು ಖಾಲಿ ಗೆರೆ ಬಿಡಿ, ಫಾರಂ ಆರು ಪುಟವಾದರೂ ಆಗಲಿ. ‘ವಿದೇಶಿ’ ಪದವನ್ನು ಶೀರ್ಷಿಕೆಯಿಂದ ಈಗಲೇ ತೆಗೆಯಿರಿ, ನೋಂದಣಿ ಆಗುವ ಮೊದಲು. ಆದ ಮೇಲೆ ಒಂದು ಪದ ಬದಲಿಸಬೇಕಾದರೂ ಅರ್ಜಿ, ಶುಲ್ಕ, ಸಮಿತಿಯ ಸಭೆ. ಆ ಸಭೆಗೆ ಕೋರಂ ಆಗುವುದೇ ಅಪರೂಪ.