ಹೌದು, ಬಂಡೆ ಹತ್ತುವ ನರಿಯೂ ಇದೆ

ಒಮಾನ್‌ನ ಬೆಟ್ಟದಲ್ಲಿ ರಾತ್ರಿ ಕಡಿದಾದ ಬಂಡೆ ಹತ್ತಿದ್ದು ನರಿಯಾ, ಕಾಡುಬೆಕ್ಕಾ ಅಂತ ಕೇಳಿದ್ದೀರಿ. ಬಾಲ ದಪ್ಪಗೆ, ಹೆಚ್ಚುಕಡಿಮೆ ಮೈಯಷ್ಟೇ ಉದ್ದ ಇತ್ತು ಅಂದಿರಲ್ವಾ? ಹಾಗಾದರೆ ಅದು ಬ್ಲಾನ್‌ಫೋರ್ಡ್ ನರಿಯೇ ಇರಬೇಕು. ತೂಕ ಸುಮಾರು 1 ಕೆಜಿ ಅಷ್ಟೇ. ಬೆಕ್ಕಿನ ಹಾಗೆ ಬಾಗಿದ ಚೂಪು ಉಗುರು, ಕೂದಲಿಲ್ಲದ ಅಂಗಾಲು. ಅದಕ್ಕೇ ಬಂಡೆಯ ಮೇಲೆ ಕಾಲು ಜಾರುವುದಿಲ್ಲ. 3 ಮೀಟರ್ ಎತ್ತರಕ್ಕೂ ನೆಗೆಯಬಲ್ಲದು, ಆಗ ಮೈ ವಾಲದಂತೆ ಹಿಡಿಯುವುದು ಆ ಬಾಲವೇ. ಎಂಥ ಅದ್ಭುತ ಜೀವಿ! ಹುಳ ಹುಪ್ಪಟೆ, ಹಣ್ಣು ಇದರ ಮುಖ್ಯ ಆಹಾರ. ನೀರಿನ ಅಂಶವೂ ಜಾಸ್ತಿ ಅವುಗಳಿಂದಲೇ ಸಿಗುತ್ತದೆ, ಹಾಗಾಗಿ ನೀವು ಅಲ್ಲಿ ನೀರು, ಬಿಸ್ಕತ್ತು ಇಡುವುದು ದಯವಿಟ್ಟು ಬೇಡ. ಫೋಟೋ ಇದ್ದರೆ ಕಿವಿಯ ಹಿಂಭಾಗ ನೋಡಿ. ಅಲ್ಲಿ ಕಪ್ಪಗಿದ್ದರೆ ಮಾತ್ರ ಅದು ಕೆಂಪು ನರಿ.