ಅಳತೆ ಮೊದಲು, ಮೇಣ ಆಮೇಲೆ: ಮನೆಯಲ್ಲಿ ಎರೆದ ಸೀಸದ ಗುಂಡಿನ ಬಗ್ಗೆ ಓದುಗರ ಪ್ರಶ್ನೆಗಳು

ಎರಕದ ಗುಂಡನ್ನು ಸರಿಯಾದ ಅಳತೆಗೆ ತರಲು ಡೈಯಲ್ಲಿ (ನಿಗದಿತ ವ್ಯಾಸದ ತೂತಿರುವ ಉಕ್ಕಿನ ಸಾಧನ) ಹಾಯಿಸುವುದು, ಅದಕ್ಕೆ ಲ್ಯೂಬ್ (ಬ್ಯಾರೆಲ್ಲಿನಲ್ಲಿ ಜಾರಲು ನೆರವಾಗುವ ಮೇಣ ಅಥವಾ ಗ್ರೀಸ್) ಹಚ್ಚುವುದು: ಈ ಸಲದ ಪ್ರಶ್ನೆಗಳೆಲ್ಲ ಇವೆರಡರ ಸುತ್ತಲೇ ಇವೆ. ನೀವಿರುವ ಕಡೆ ಮರುತುಂಬುವಿಕೆಗೆ (ಹಾರಿಸಿದ ತೋಟೆಯ ಖಾಲಿ ಹಿತ್ತಾಳೆ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬುವುದು) ಕಾನೂನಿನ ಅನುಮತಿ ಮತ್ತು ಬೇಕಾದ ಪರವಾನಗಿ ಇದೆ ಎಂದುಕೊಂಡು ಉತ್ತರಿಸಿದ್ದೇವೆ. ಮದ್ದಿನ ಪ್ರಮಾಣವನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಎರಕದ ಗುಂಡಿಗೆಂದೇ ಅಚ್ಚಾದ ಲೋಡಿಂಗ್ ಕೈಪಿಡಿಯಿಂದ ಮಾತ್ರ ತೆಗೆದುಕೊಳ್ಳಿ.

ಪ್ರಶ್ನೆ: ನನ್ನ .38 ಸ್ಪೆಶಲ್ ರಿವಾಲ್ವರಿನಲ್ಲಿ ಐವತ್ತು ಸುತ್ತು ಹಾರಿಸುವಷ್ಟರಲ್ಲಿ ಬ್ಯಾರೆಲ್ಲಿನ ಹಿಂತುದಿಯಲ್ಲಿ ಸೀಸ ಮೆತ್ತಿಕೊಳ್ಳುತ್ತದೆ. ಗುಂಡನ್ನು 0.357 ಇಂಚಿನ ಡೈಯಲ್ಲಿ ಹಾಯಿಸಿದ್ದೇನೆ. ಮೂರು ಬಗೆಯ ಲ್ಯೂಬ್ ಬದಲಿಸಿ ನೋಡಿದೆ. ಗಟ್ಟಿಯಾಗಲಿ ಎಂದು ಲೈನೋಟೈಪ್ (ಮುದ್ರಣದ ಅಚ್ಚುಮೊಳೆಯ ಗಟ್ಟಿ ಸೀಸದ ಮಿಶ್ರಲೋಹ) ಲೋಹವನ್ನೂ ಎರೆದೆ, ಇನ್ನೂ ಹೆಚ್ಚಾಯಿತು. ಯಾವ ಲ್ಯೂಬ್ ಬಳಸಲಿ?

ಲ್ಯೂಬನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸೀಸ ಎಲ್ಲಿ ಮೆತ್ತಿದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಬ್ಯಾರೆಲ್ಲಿನ ಮುಂತುದಿಯಲ್ಲಿ ಮೆತ್ತಿದ್ದರೆ ದಾರಿಯಲ್ಲೇ ಲ್ಯೂಬ್ ಮುಗಿದುಹೋಗಿದೆ ಎಂದು ಅನುಮಾನಿಸಬಹುದು. ಹಿಂತುದಿಯಲ್ಲಿ, ಗುಂಡು ಸಿಲಿಂಡರಿನಿಂದ ಬ್ಯಾರೆಲ್ಲಿಗೆ ಹೊಗುವ ಇಳಿಜಾರು ಬಾಯಿಯಾದ ಫೋರ್ಸಿಂಗ್ ಕೋನಿನ ಬಳಿ ಮೆತ್ತಿದ್ದರೆ ಬಹುಪಾಲು ಗುಂಡೇ ಸಣ್ಣದು. ಗುಂಡಿಗೂ ಗ್ರೂವಿಗೂ (ಬ್ಯಾರೆಲ್ಲಿನ ಒಳಗೋಡೆಯ ಸುರುಳಿ ತೋಡು) ನಡುವೆ ಕೂದಲೆಳೆಯಷ್ಟು ಸಂದು ಸಿಕ್ಕರೂ ಸಾಕು, ಬಿಸಿ ಅನಿಲ ಅಲ್ಲಿಂದ ನುಗ್ಗಿ ಗುಂಡಿನ ಅಂಚನ್ನು ಕೊರೆದು, ಕರಗಿದ ಸೀಸವನ್ನು ಉಕ್ಕಿಗೆ ಬೆಸುಗೆ ಹಾಕಿದ ಹಾಗೆ ಅಂಟಿಸಿಬಿಡುತ್ತದೆ. ಆ ಸಂದನ್ನು ಯಾವ ಮೇಣವೂ ಮುಚ್ಚಲಾರದು.

ಲೈನೋಟೈಪಿನಿಂದ ಹೆಚ್ಚಾದದ್ದಕ್ಕೂ ಕಾರಣವಿದೆ. ಬ್ರಿನೆಲ್ ಗಡಸುತನದ (ಲೋಹ ಎಷ್ಟು ಗಟ್ಟಿ ಎಂಬುದರ ಅಳತೆ) ಅಂಕಿಯನ್ನು 1422ರಿಂದ ಗುಣಿಸಿದರೆ, ಎಷ್ಟು ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡಕ್ಕೆ ಗುಂಡಿನ ಬುಡ ಹಿಗ್ಗಿ ಸಂದು ಮುಚ್ಚೀತು ಎಂಬುದರ ಒರಟು ಅಂದಾಜು ಸಿಗುತ್ತದೆ. ಗಡಸುತನ 12ರ ಸುಮಾರಿನ ವೀಲ್ ವೆಯ್ಟ್ (ವಾಹನದ ಚಕ್ರದ ಸಮತೋಲನಕ್ಕೆ ಹಾಕುವ ಸೀಸದ ತೂಕ) ಲೋಹಕ್ಕೆ ಇದು 17,000 ಪಿಎಸ್‌ಐ ಆಗುತ್ತದೆ. ಸಾಮಾನ್ಯ .38 ಸ್ಪೆಶಲ್‌ನ ಗರಿಷ್ಠ ಮಿತಿಯೂ ಅಷ್ಟೇ. ಲೈನೋಟೈಪಿನ ಗಡಸುತನ 22, ಅದಕ್ಕೆ 31,000 ದಾಟಬೇಕು. ನಿಮ್ಮ ತೋಟೆಯಲ್ಲಿ ಅಷ್ಟು ಒತ್ತಡ ಹುಟ್ಟುವುದೂ ಇಲ್ಲ, ಹುಟ್ಟಲೂಬಾರದು. ಸಣ್ಣ ಗುಂಡನ್ನು ಗಟ್ಟಿ ಮಾಡಿದ್ದರಿಂದ ಅದು ಹಿಗ್ಗುವ ಇದ್ದೊಂದು ಅವಕಾಶವೂ ಹೋಯಿತು.

ಈಗ ಅಳತೆಗೆ ಬನ್ನಿ. ರಿವಾಲ್ವರ್ ಖಾಲಿ ಇದೆಯೆಂದು ಎರಡು ಸಲ ನೋಡಿ, ಸಿಲಿಂಡರನ್ನು ಬಿಚ್ಚಿಡಿ. ಬ್ಯಾರೆಲ್ಲಿನ ಒಳಗೆ ತೆಳುವಾಗಿ ಎಣ್ಣೆ ಸವರಿ. ಬೋರ್‌ಗಿಂತ (ಬ್ಯಾರೆಲ್ಲಿನ ಒಳರಂಧ್ರ) ತುಸು ದಪ್ಪಗಿರುವ ಶುದ್ಧ ಸೀಸದ ಉಂಡೆಯೊಂದನ್ನು ಮುಂತುದಿಯಲ್ಲಿಟ್ಟು ಹಿತ್ತಾಳೆ ಸಲಾಕೆಯಿಂದ ಮೆಲ್ಲನೆ ಬಡಿದು ಒಳಗಿಳಿಸಿ. ತೆಳ್ಳನೆಯ ಮರದ ಕಡ್ಡಿ ಬೇಡ, ಓರೆಯಾಗಿ ಸೀಳಿ ಉಂಡೆಯ ಪಕ್ಕಕ್ಕೇ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಉಂಡೆ ಸಾಗುವಾಗ ಕೈಗೆ ತಿಳಿಯುವ ಬಿಗಿಯನ್ನು ಗಮನಿಸಿ. ಬ್ಯಾರೆಲ್ ಫ್ರೇಮಿಗೆ ತಿರುಚಿ ಕೂರುವ ಜಾಗದಲ್ಲಿ ಕೆಲವು ರಿವಾಲ್ವರುಗಳ ಬೋರ್ ಕಿರಿದಾಗಿರುತ್ತದೆ. ಅಲ್ಲಿ ಹಿಂಡಿಸಿಕೊಂಡ ಗುಂಡು ಉಳಿದ ದಾರಿಗೆಲ್ಲ ಸಣ್ಣದಾಗಿಬಿಡುತ್ತದೆ. ಈ ದೋಷವನ್ನು ಬಂದೂಕು ರಿಪೇರಿ ಬಲ್ಲವರೇ ಸರಿಪಡಿಸಬೇಕು, ಡೈ ಬದಲಿಸಿದರೆ ಹೋಗುವುದಿಲ್ಲ.

ಹೊರಬಂದ ಉಂಡೆಯ ಮೇಲೆ ಎದ್ದು ನಿಂತ ಏಣುಗಳೇ ಬ್ಯಾರೆಲ್ಲಿನ ಗ್ರೂವ್. ಎದುರುಬದುರಿನ ಏಣುಗಳ ನಡುವಿನ ಅಳತೆ ಗ್ರೂವ್ ವ್ಯಾಸ. ಇದನ್ನು ಮೈಕ್ರೋಮೀಟರಿನಲ್ಲೇ ತೆಗೆಯಿರಿ. ಕ್ಯಾಲಿಪರಿನಲ್ಲಿ ಒಂದು ಥೌ, ಅಂದರೆ ಇಂಚಿನ ಸಾವಿರದ ಒಂದು ಭಾಗ, ಆಚೀಚೆಯಾಗುವುದು ಮಾಮೂಲು. ನಮಗೆ ಬೇಕಾಗಿರುವುದು ಆ ಒಂದು ಥೌ ಲೆಕ್ಕವೇ. ಐದು ಗ್ರೂವಿನ ಬ್ಯಾರೆಲ್ಲಾದರೆ ಏಣಿಗೆ ಎದುರು ತಗ್ಗು ಬರುತ್ತದೆ, ಆಗ ವಿ ಆಕಾರದ ಅನ್ವಿಲ್ (ಅಳೆಯುವ ವಸ್ತು ಕೂರುವ ತುದಿ) ಇರುವ ಮೈಕ್ರೋಮೀಟರ್ ಬೇಕು.

ಗುಂಡು ಗ್ರೂವಿಗಿಂತ ಒಂದರಿಂದ ಎರಡು ಥೌ ದಪ್ಪ ಇರಬೇಕು. ಗ್ರೂವ್ 0.357 ಇದ್ದರೆ ಗುಂಡು 0.358. ರಿವಾಲ್ವರಿನಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ, ಸಿಲಿಂಡರಿನ ಕೋಣೆಗಳ ಕಿರಿದಾದ ಮುಂಬಾಯಿಗಳಾದ ಥ್ರೋಟ್‌ಗಳನ್ನೂ ನೋಡಬೇಕು. ಡೈಯಲ್ಲಿ ಹಾಯಿಸಿದ ಗುಂಡನ್ನು ಪ್ರತಿ ಕೋಣೆಯ ಮುಂಬಾಯಿಗೆ ಇಟ್ಟು ಬೆರಳಿನಿಂದ ಒತ್ತಿ. ತುಸು ಒತ್ತಿದರೆ ಜಾರುವಂತಿದ್ದರೆ ಸರಿ. ತಾನಾಗಿ ಉದುರಿದರೆ ಗುಂಡು ಸಣ್ಣದು. ಬಡಿದರೆ ಮಾತ್ರ ಹೋಗುತ್ತದೆ ಎಂದಾದರೆ ಥ್ರೋಟ್ ಕಿರಿದು, ಮತ್ತು ನೀವು 0.358ಕ್ಕೆ ಮಾಡಿದ ಗುಂಡನ್ನು ಸಿಲಿಂಡರೇ ಪುನಃ ಹಿಂಡಿ ಸಣ್ಣದು ಮಾಡುತ್ತಿದೆ. ಥ್ರೋಟ್ ಗ್ರೂವಿಗಿಂತ ಕಿರಿದಿದ್ದರೆ ಥ್ರೋಟನ್ನು ರೀಮ್ ಮಾಡಿಸುವುದೊಂದೇ, ಅಂದರೆ ಕೊರೆದು ಅಗಲಿಸುವುದೊಂದೇ ದಾರಿ.

ನಿಮ್ಮ ವಿಷಯದಲ್ಲಿ ಗ್ರೂವ್ 0.357 ಬಂದರೆ 0.358ರ ಡೈ, ವೀಲ್ ವೆಯ್ಟ್ ಲೋಹ, ಇದ್ದ ಲ್ಯೂಬುಗಳಲ್ಲಿ ಯಾವುದಾದರೊಂದು. ಮೊದಲು ಬ್ಯಾರೆಲ್ಲಿನಲ್ಲಿ ಉಳಿದ ಸೀಸವನ್ನೆಲ್ಲ ತೆಗೆದು ಪರೀಕ್ಷಿಸಿ, ಹಳೆಯ ಸೀಸದ ಮೇಲೆ ಹೊಸದು ಬೇಗ ಕೂರುತ್ತದೆ.

ಪ್ರಶ್ನೆ: 9 ಮಿ.ಮೀ. ಪಿಸ್ತೂಲಿನ ಗ್ರೂವ್ 0.355 ಬಂತು, ಗುಂಡನ್ನು 0.357ಕ್ಕೆ ಹಾಯಿಸಿದೆ. ಆದರೂ ಸೀಸ ಮೆತ್ತುತ್ತದೆ, ಕಾಗದದ ಗುರಿಯಲ್ಲಿ ಗುಂಡು ಅಡ್ಡ ಬಿದ್ದ ತೂತು ಕಾಣುತ್ತದೆ.

ಡೈಯಿಂದ ಹೊರಬಂದಾಗ 0.357 ಇದ್ದದ್ದು ಕೇಸಿನೊಳಗೆ ಕೂತ ಮೇಲೂ ಅಷ್ಟೇ ಇದೆಯೇ? ಮದ್ದು, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬುಡದ ಬಟ್ಟಲು) ಇಲ್ಲದ ಕೇಸಿನಲ್ಲಿ ಗುಂಡು ಕೂರಿಸಿ, ಕ್ರಿಂಪ್ ಮಾಡಿ (ಕೇಸಿನ ಬಾಯಿ ಬಿಗಿದು), ಸುತ್ತಿಗೆಯಂಥ ಪುಲ್ಲರಿನಿಂದ ಹೊರತೆಗೆದು ಅಳೆಯಿರಿ. 0.355 ಅಥವಾ ಇನ್ನೂ ಕಡಿಮೆ ಬಂದರೆ ಅಚ್ಚರಿಪಡಬೇಡಿ. ಈ ಕೇಸ್ ಒಳಗೆ ಹೋದಂತೆ ಗೋಡೆ ದಪ್ಪವಾಗುತ್ತದೆ, ಸಾಮಾನ್ಯ ಎಕ್ಸ್‌ಪ್ಯಾಂಡರ್ (ಕೇಸಿನ ಬಾಯಿ ಅರಳಿಸುವ ಸಾಧನ) ತಾಮ್ರದ ಕವಚದ ಗುಂಡಿಗೆಂದು ಮಾಡಿದ್ದು. ಮೆತ್ತಗಿನ ಸೀಸಕ್ಕೂ ಹಿತ್ತಾಳೆಗೂ ಜಗಳವಾದರೆ ಸೀಸವೇ ಸೋಲುತ್ತದೆ.

ಎರಕದ ಗುಂಡಿಗೆಂದೇ ಇರುವ, ಎರಡು ಮೆಟ್ಟಿಲಿನ, ತುಸು ದಪ್ಪನೆಯ ಎಕ್ಸ್‌ಪ್ಯಾಂಡರ್ ಹಾಕಿ. ಕೇಸಿನ ಬಾಯಿ ಗುಂಡಿನ ಬುಡವನ್ನು ಕೆರೆಯದೆ ಒಳಬಿಡುವಷ್ಟು ಅರಳಿರಲಿ. ಕೊನೆಯ ಹಂತದಲ್ಲಿ ಇಡೀ ತೋಟೆಯನ್ನು ಕಾರ್ಬೈಡ್ ಬಳೆಯ ಮೂಲಕ ಹಾಯಿಸುವ ಕ್ರಿಂಪ್ ಡೈ ಬಳಸುತ್ತಿದ್ದರೆ ಅದನ್ನು ಬಿಡಿ, ಕೇಸಿನ ಜೊತೆಗೆ ಒಳಗಿರುವ ಗುಂಡನ್ನೂ ಅದು ಹಿಂಡುತ್ತದೆ. ಬದಲಿಗೆ ಸಾಮಾನ್ಯ ಟೇಪರ್ ಕ್ರಿಂಪ್ ಸಾಕು, ಅರಳಿಸಿದ ಬಾಯಿ ನೆಟ್ಟಗಾಗುವಷ್ಟು ಮಾತ್ರ.

ಇನ್ನೊಂದು ಮಾತು: ನಿಮ್ಮದು ಬಹುಭುಜ ರೈಫ್ಲಿಂಗ್ (ಚೂಪು ತೋಡಿನ ಬದಲು ದುಂಡಂಚಿನ ಬಹುಭುಜ ಒಳಮೈ) ಬ್ಯಾರೆಲ್ ಆಗಿದ್ದು, ತಯಾರಕರ ಕೈಪಿಡಿ ಸೀಸದ ಗುಂಡು ಬೇಡ ಎಂದಿದ್ದರೆ ಬೇಡವೆಂದೇ ತಿಳಿಯಿರಿ. ಮೆತ್ತಿದ ಸೀಸ ದಾರಿ ಕಿರಿದು ಮಾಡಿದರೆ ಒತ್ತಡ ಏರುತ್ತದೆ.

ಪ್ರಶ್ನೆ: ಪ್ರೆಸ್ಸಿಗೆ (ಮರುತುಂಬಲು ಬಳಸುವ ಕೈಯಂತ್ರ) ಹಾಕುವ ನೇರ ಡೈ ಒಳ್ಳೆಯದೋ, ಲ್ಯೂಬ್ ಒತ್ತುವ ಪ್ರತ್ಯೇಕ ಯಂತ್ರ ಒಳ್ಳೆಯದೋ? ಯಂತ್ರದಲ್ಲಿ ಮಾಡಿದ ಗುಂಡುಗಳ ಒಂದು ಬದಿಯಷ್ಟೇ ಹೊಳೆಯುತ್ತದೆ, ಬುಡಕ್ಕೂ ಗ್ರೀಸ್ ಮೆತ್ತುತ್ತದೆ.

ಪ್ರೆಸ್ಸಿನ ನೇರ ಡೈಯಲ್ಲಿ ಗುಂಡನ್ನು ಬುಡದಿಂದ ನೂಕುತ್ತೇವೆ, ಮೂತಿ ಮುಂದಾಗಿ ಹೋಗುತ್ತದೆ. ಬುಡ ಚಪ್ಪಟೆ ಪಂಚಿನ ಮೇಲೆ ಕೂತಿರುವುದರಿಂದ ಗುಂಡು ಓರೆಯಾಗುವುದು ಕಡಿಮೆ, ಮೂತಿಯ ಆಕಾರಕ್ಕೆ ತಕ್ಕ ಪಂಚ್ ಹುಡುಕುವ ಕೆಲಸವೂ ಇಲ್ಲ. ಅಗ್ಗ ಕೂಡ. ಹೊಸಬರಿಗೆ ನಾವು ಇದನ್ನೇ ಹೇಳುತ್ತೇವೆ. ಆದರೆ ಲ್ಯೂಬ್ ಬೇರೆಯಾಗಿ ಹಚ್ಚಬೇಕು. ಯಂತ್ರದಲ್ಲಿ ಎರಡೂ ಒಟ್ಟಿಗೆ ಆಗುತ್ತದೆ, ಆಳವಾದ ಲ್ಯೂಬ್ ಗ್ರೂವಿನ (ಗುಂಡಿನ ಸುತ್ತ ಲ್ಯೂಬ್ ತುಂಬುವ ತೋಡು) ಗುಂಡು ಸಾವಿರಗಟ್ಟಲೆ ಮಾಡುವವರಿಗೆ ಅದೇ ಅನುಕೂಲ.

ಒಂದೇ ಬದಿ ಹೊಳೆಯುವುದೆಂದರೆ ಗುಂಡು ಓರೆಯಾಗಿ ಡೈಗೆ ಇಳಿದಿದೆ. ಮೇಲಿನ ಪಂಚ್ ಮೂತಿಗೆ ಸರಿಹೊಂದದಿರುವುದು ಮೊದಲ ಅನುಮಾನ. ಸರಿಯಾದ ಪಂಚ್ ಸಿಗದಿದ್ದರೆ, ಪಂಚಿನ ಗುಳಿಗೆ ಎಪಾಕ್ಸಿ ತುಂಬಿ, ಎಣ್ಣೆ ಸವರಿದ ಗುಂಡಿನ ಮೂತಿಯನ್ನು ಅದರಲ್ಲಿ ನೆಟ್ಟಗೆ ಒತ್ತಿ ಒಣಗಲು ಬಿಡಿ. ಎರಡನೆಯದು, ಅಚ್ಚಿನ ಎರಡು ಹೋಳು ಸರಿಯಾಗಿ ಕೂಡದೆ ಗುಂಡೇ ಮೊಟ್ಟೆಯಾಕಾರ ಆಗಿರಬಹುದು. ಎರಕದ ಗುಂಡನ್ನು ತಿರುಗಿಸಿ ನಾಲ್ಕು ಕಡೆ ಅಳೆದರೆ ತಿಳಿಯುತ್ತದೆ.

ಬುಡಕ್ಕೆ ಲ್ಯೂಬ್ ಬರುವುದು ಒತ್ತಡ ಹೆಚ್ಚಿದ್ದರೆ ಅಥವಾ ಆಳದ ತಿರುಪು ಸರಿಯಿಲ್ಲದಿದ್ದರೆ. ಡೈಯ ಗೋಡೆಯ ತೂತುಗಳಿಗೆ ಲ್ಯೂಬ್ ಗ್ರೂವ್ ಮಾತ್ರ ಎದುರಾಗುವಷ್ಟು ಆಳ ಇಡಿ. ಲ್ಯೂಬ್ ಒತ್ತುವ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಗ್ರೂವ್ ತುಂಬುವವರೆಗೆ ಗುಂಡು ಮಾಡಿ, ಖಾಲಿ ಕಾಣತೊಡಗಿದಾಗ ಮತ್ತೆ ಕಾಲು ಸುತ್ತು. ಬುಡಕ್ಕೆ ಬಂದದ್ದನ್ನು ಒರೆಸಲೇಬೇಕು, ಮದ್ದಿಗೆ ತಾಗಿ ಅದನ್ನು ಕೆಡಿಸುತ್ತದೆ.

ಡೈಯಲ್ಲಿ ಗುಂಡಿನ ವ್ಯಾಸ ಎಷ್ಟು ಇಳಿಸಬಹುದು ಎಂದೂ ಹಲವರು ಕೇಳುತ್ತಾರೆ. ಒಮ್ಮೆಗೆ ಮೂರು ಥೌ ಮಿತಿ ಎಂದಿಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚಾದರೆ ಲ್ಯೂಬ್ ಗ್ರೂವ್ ಮುಚ್ಚಿಕೊಳ್ಳುತ್ತದೆ, ಬುಡದ ಅಂಚಿಗೆ ತೆಳ್ಳನೆ ರೆಕ್ಕೆ ಏಳುತ್ತದೆ. ಗುಂಡಿನ ಗುರಿ ನಿಂತಿರುವುದೇ ಚೂಪಾದ, ಸಮನಾದ ಬುಡದ ಅಂಚಿನ ಮೇಲೆ. ಅಚ್ಚಿನಿಂದ ಬಿದ್ದ ಗುಂಡು ಸರಿಯಾದ ಅಳತೆಗೇ ಇದ್ದರೆ ಡೈಗೆ ಹಾಕುವ ಅಗತ್ಯವೇ ಇಲ್ಲ.

ಡೈಯ ಮೇಲೆ ಕೊರೆದ ಅಂಕಿಯನ್ನು ನಂಬಬೇಡಿ. ಗಟ್ಟಿ ಲೋಹ ಹೊರಬಂದ ಮೇಲೆ ಅರ್ಧ ಥೌನಷ್ಟು ಹಿಗ್ಗಿರಬಹುದು, ಮೆತ್ತನೆಯದು ಹಿಗ್ಗದು. ಅರ್ಧ ಥೌ ದೊಡ್ಡ ಡೈ ಬೇಕಾದರೆ, ಸೀಳಿದ ಕಡ್ಡಿಗೆ 400 ಗ್ರಿಟ್ ನೀರುಕಾಗದ ಸುತ್ತಿ ಡ್ರಿಲ್ಲಿನಲ್ಲಿ ನಿಧಾನ ತಿರುಗಿಸುತ್ತ ಡೈಯ ಒಳಗನ್ನು ಉಜ್ಜಿ, 600ರಲ್ಲಿ ಮುಗಿಸಿ. ಆಗಾಗ ತೊಳೆದು, ಗುಂಡು ಹಾಯಿಸಿ ಅಳೆಯಿರಿ. ದೊಡ್ಡದಾದ ಡೈ ಮತ್ತೆ ಸಣ್ಣದಾಗದು.

ಪ್ರಶ್ನೆ: ದ್ರವ ಅಲಾಕ್ಸ್ (ಪೆಟ್ರೋಲಿಯಂ ಮೂಲದ ಲ್ಯೂಬ್) ಹಚ್ಚಿದ ಗುಂಡು ವಾರವಾದರೂ ಅಂಟಂಟಾಗಿಯೇ ಇರುತ್ತದೆ. ಮನೆಯಲ್ಲೇ ಮೇಣದ ಲ್ಯೂಬ್ ಮಾಡಿಕೊಳ್ಳಬಹುದೇ?

ಅಂಟುತ್ತಿದೆ ಎಂದರೆ ಹೆಚ್ಚಾಗಿದೆ. ನೂರು ಗುಂಡಿಗೆ ಕಾಲು ಟೀ ಚಮಚವೂ ಬೇಡ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ತೆಳುವಾಗಿಸಿ, ಬೆಚ್ಚಗಿನ ಗುಂಡುಗಳಿರುವ ಪ್ಲಾಸ್ಟಿಕ್ ಡಬ್ಬಿಗೆ ಹನಿಸಿ, ಒಂದೆರಡು ನಿಮಿಷ ಉರುಳಾಡಿಸಿ. ಮೇಣದ ಕಾಗದದ ಮೇಲೆ ಹರಡಿ ರಾತ್ರಿಯಿಡೀ ಬಿಡಿ. ತಿಳಿ ಹೊಂಬಣ್ಣ ಕಂಡರೆ ಸಾಕು, ಕಂದು ಕಂಡರೆ ಜಾಸ್ತಿ. ಡೈಗೆ ಮೊದಲು ಒಂದು ತೆಳು ಲೇಪ, ಹಾಯಿಸಿದ ಮೇಲೆ ಇನ್ನೊಂದು. ದ್ರವ ಅಲಾಕ್ಸ್ 45 ಭಾಗ, ಕಾರ್ನೌಬಾ ಇರುವ ಪೇಸ್ಟ್ ಮೇಣ 45 ಭಾಗ, ಮಿನರಲ್ ಸ್ಪಿರಿಟ್ 10 ಭಾಗ ಬೆರೆಸಿದರೆ ಅಂಟು ಬಹಳ ಕಡಿಮೆಯಾಗುತ್ತದೆ. ಇದನ್ನು ಬಿಸಿನೀರಿನಲ್ಲಿಟ್ಟೇ ಕರಗಿಸಿ, ಬೆಂಕಿಯ ಹತ್ತಿರವೂ ಒಯ್ಯಬೇಡಿ, ಸ್ಪಿರಿಟಿನ ಆವಿ ಹೊತ್ತಿಕೊಳ್ಳುತ್ತದೆ.

ಅಂಟಿನಿಂದ ಆಗುವ ನಿಜವಾದ ಅಪಾಯ, ಗುಂಡನ್ನು ಕೇಸಿನಲ್ಲಿ ಕೂರಿಸುವ ಸೀಟಿಂಗ್ ಡೈಯಲ್ಲಿ. ಲ್ಯೂಬ್ ಅಲ್ಲಿ ಪದರಪದರವಾಗಿ ಕೂತು ಒಂದೊಂದು ಗುಂಡನ್ನೂ ಹಿಂದಿನದಕ್ಕಿಂತ ತುಸು ಆಳಕ್ಕೆ ನೂಕುತ್ತದೆ. ಚಿಕ್ಕ ಪಿಸ್ತೂಲು ಕೇಸಿನಲ್ಲಿ ಆಳ ಹೆಚ್ಚಾದಂತೆ ಒತ್ತಡ ಏರುತ್ತದೆ. ಹತ್ತಿಪ್ಪತ್ತು ತೋಟೆಗೊಮ್ಮೆ ಒಟ್ಟು ಉದ್ದ ಅಳೆಯಿರಿ, ಡೈ ಒರೆಸಿ.

ಮನೆಯಲ್ಲಿ ಮಾಡಲು ಹಳೆಯ, ನಂಬಿಕೆಯ ಪಾಕ ಇದು: ಜೇನುಮೇಣ ಮತ್ತು ಅಲಾಕ್ಸ್, ತೂಕದಲ್ಲಿ ಸಮಸಮ. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಆದ್ದರಿಂದ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಸಾಕು. ಗುಂಡುಗಳನ್ನು ಚಪ್ಪಟೆ ತಟ್ಟೆಯಲ್ಲಿ ಬುಡ ಕೆಳಗಾಗಿ ನಿಲ್ಲಿಸಿ, ಮೇಲಿನ ಲ್ಯೂಬ್ ಗ್ರೂವ್ ಮುಳುಗುವವರೆಗೆ ಸುರಿಯಿರಿ. ಕ್ರಿಂಪ್ ಗ್ರೂವಿಗೆ ಏರದಿರಲಿ. ಗಟ್ಟಿಯಾದರೂ ಇನ್ನೂ ತುಸು ಬೆಚ್ಚಗಿರುವಾಗ ಒಂದೊಂದಾಗಿ ನೂಕಿ ಬಿಡಿಸಿ. ಪೂರ್ತಿ ತಣ್ಣಗಾಗಲು ಬಿಟ್ಟರೆ ಗ್ರೂವಿನ ಮೇಣ ತಟ್ಟೆಯಲ್ಲೇ ಉಳಿದು ಗುಂಡು ಬೋಳಾಗಿ ಬರುತ್ತದೆ. ಕರಿಮದ್ದಿಗೆ ಈ ಪಾಕ ಬೇಡ. ಪೆಟ್ರೋಲಿಯಂ ಮೂಲದ ಲ್ಯೂಬ್ ಕರಿಮದ್ದಿನ ಮಸಿಯೊಂದಿಗೆ ಸೇರಿ ಟಾರಿನಂತಾಗುತ್ತದೆ. ಅದಕ್ಕೆ ಜೇನುಮೇಣದೊಂದಿಗೆ ಸಸ್ಯದ ಎಣ್ಣೆ ಅಥವಾ ಪ್ರಾಣಿಜನ್ಯ ಕೊಬ್ಬು ಬೆರೆಸುತ್ತಾರೆ.

ಪ್ರಶ್ನೆ: ಅಚ್ಚಿನಿಂದ ನೇರ ನೀರಿಗೆ ಬೀಳಿಸಿ ಗಟ್ಟಿ ಮಾಡಿದ ಗುಂಡನ್ನು ಡೈಯಲ್ಲಿ ಯಾವಾಗ ಹಾಯಿಸಬೇಕು?

ಅದೇ ದಿನ. ಆಂಟಿಮನಿ ಮತ್ತು ಚೂರು ಆರ್ಸೆನಿಕ್ ಇರುವ ಲೋಹ ನೀರಿಗೆ ಬಿದ್ದ ಮೇಲೂ ದಿನಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ. ಎರಡು ವಾರ ಬಿಟ್ಟು ಹಾಯಿಸಿದರೆ ಕೈಗೂ ಕಷ್ಟ, ಜೊತೆಗೆ ಡೈ ಉಜ್ಜಿದ ಹೊರಮೈ ಪುನಃ ಮೆತ್ತಗಾಗುತ್ತದೆ. ರೈಫ್ಲಿಂಗ್ ಹಿಡಿಯಬೇಕಾದದ್ದು ಆ ಹೊರಮೈಯನ್ನೇ. ನೀರಿನ ಬಕೆಟ್ ಕರಗಿಸುವ ಪಾತ್ರೆಯಿಂದ ದೂರ, ಕೆಳಮಟ್ಟದಲ್ಲಿರಲಿ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಸಿಡಿದು ಪಾತ್ರೆಯನ್ನೇ ಬರಿದು ಮಾಡಬಹುದು.

ಪ್ರಶ್ನೆ: ಪೌಡರ್ ಕೋಟಿಂಗ್ ಮಾಡಿದರೆ ಲ್ಯೂಬ್ ಬೇಕೇ?

ಬೇಡ. ಪಾಲಿಯೆಸ್ಟರ್ ಪುಡಿಯನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸಿ, ತಣ್ಣಗಾದ ಮೇಲೆ ಡೈಗೆ ಹಾಕಿ. ಲೇಪದಿಂದ ವ್ಯಾಸ ಎರಡು ಮೂರು ಥೌ ಹೆಚ್ಚುವುದರಿಂದ ಹಾಯಿಸುವ ಕೆಲಸ ಆಮೇಲೆಯೇ. ಒಂದು ಗುಂಡನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ನೋಡಿ: ಲೇಪ ಹಕ್ಕಳೆಯಾಗಿ ಉದುರಿದರೆ ಸರಿಯಾಗಿ ಬೆಂದಿಲ್ಲ. ಆ ಓವನ್ನಿನಲ್ಲಿ ಮತ್ತೆಂದೂ ಅಡುಗೆ ಮಾಡಬಾರದು.

ಪ್ರಶ್ನೆ: ಮೆತ್ತಿದ ಸೀಸ ತೆಗೆಯಲು ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಬ್ಯಾರೆಲ್ಲಿಗೆ ತುಂಬಿ ಎನ್ನುತ್ತಾರೆ, ಮಾಡಬಹುದೇ?

ಬೇಡವೇ ಬೇಡ. ಸೀಸ ಕರಗುತ್ತದೆ ನಿಜ, ಆದರೆ ಕರಗಿ ಲೆಡ್ ಅಸಿಟೇಟ್ ಆಗುತ್ತದೆ. ನೀರಿನಲ್ಲಿ ಬೆರೆಯುವ ಈ ವಿಷ ಗಟ್ಟಿ ಸೀಸಕ್ಕಿಂತ ಸುಲಭವಾಗಿ ದೇಹ ಸೇರುತ್ತದೆ, ಮೋರಿಗೆ ಸುರಿಯುವಂತೆಯೂ ಇಲ್ಲ. ಉಕ್ಕನ್ನೂ ಆ ದ್ರಾವಣ ತಿನ್ನುತ್ತದೆ. ಪಾತ್ರೆ ಉಜ್ಜುವ ಅಪ್ಪಟ ತಾಮ್ರದ ಜುಂಗಿನಿಂದ ಒಂದೆರಡು ಎಳೆ ಕತ್ತರಿಸಿ, ಸವೆದ ಬ್ರಷ್ಷಿಗೆ ಬಿಗಿಯಾಗಿ ಸುತ್ತಿ, ಒಣ ಬ್ಯಾರೆಲ್ಲಿನಲ್ಲಿ ಹತ್ತಾರು ಸಲ ಎಳೆದಾಡಿ. ಸೀಸ ಬೆಳ್ಳಿಯ ಚೂರುಗಳಂತೆ ಉದುರುತ್ತದೆ. ಮೊದಲು ಜುಂಗಿಗೆ ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಅದು ತಾಮ್ರ ಲೇಪಿಸಿದ ಉಕ್ಕು, ಬ್ಯಾರೆಲ್ಲನ್ನು ಗೀರುತ್ತದೆ. ಉದುರಿದ ಚೂರನ್ನು ಪೊರಕೆಯಿಂದ ಗುಡಿಸದೆ ಒದ್ದೆ ಕಾಗದದಿಂದ ಎತ್ತಿ, ಕೈಯನ್ನು ತಣ್ಣೀರು ಮತ್ತು ಸೋಪಿನಿಂದ ತೊಳೆಯಿರಿ.