ಓದುಗರ ಪ್ರಶ್ನೆ: ಎಲ್ಲ ಸರ್ವರ್‌ಗಳಿಗೂ ಓಪನ್‌ಬಿಎಸ್‌ಡಿ ಹಾಕಬಹುದೇ?

ಪ್ರಶ್ನೆ: ವಿಜಯನಗರದ ಆಸುಪಾಸಿನ ಸುಮಾರು ಎರಡು ಸಾವಿರ ಮನೆಗಳಿಗೆ ನಾವು ಫೈಬರ್ ಇಂಟರ್‌ನೆಟ್ ಕೊಡುತ್ತಿದ್ದೇವೆ. ಜಾಲತಾಣದ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ಗ್ರಾಹಕರ ಲಾಗಿನ್ ಪರಿಶೀಲಿಸುವ ರೇಡಿಯಸ್, ಬಿಲ್ಲಿಂಗ್ ಎಲ್ಲವೂ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಮೇಲಿವೆ. ಸರ್ವರ್ ನೋಡಿಕೊಳ್ಳುವವರು ಇಬ್ಬರೇ. ಓಪನ್‌ಬಿಎಸ್‌ಡಿಯಷ್ಟು ಭದ್ರವಾದ ಆಪರೇಟಿಂಗ್ ಸಿಸ್ಟಂ ಬೇರೆ ಇಲ್ಲವೆನ್ನುತ್ತಾರೆ. ಎಲ್ಲವನ್ನೂ ಅದಕ್ಕೇ ಬದಲಾಯಿಸೋಣವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಬದಲಾಯಿಸಲೇಬೇಕು, ಸೆಂಟ್‌ಓಎಸ್ 7ಕ್ಕೆ ಭದ್ರತಾ ಅಪ್‌ಡೇಟ್‌ಗಳು 2024ರ ಜೂನ್ 30ಕ್ಕೇ ನಿಂತುಹೋಗಿವೆ. ಆದರೆ ಎಲ್ಲವನ್ನೂ ಓಪನ್‌ಬಿಎಸ್‌ಡಿಗೆ ಒಯ್ಯುವುದು ಬೇಡ.

ಅದರ ಹೆಸರು ಸುಮ್ಮನೆ ಬಂದದ್ದಲ್ಲ. 2024ರ ಜುಲೈನಲ್ಲಿ, ಸರ್ವರ್‌ಗೆ ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಬಯಲಾದ ಗಂಭೀರ ದೋಷ ಲಿನಕ್ಸ್ ಸರ್ವರ್‌ಗಳನ್ನು ಕಾಡಿತೇ ಹೊರತು ಓಪನ್‌ಬಿಎಸ್‌ಡಿಯನ್ನು ತಟ್ಟಲಿಲ್ಲ. ಆದರೆ ಅದರ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ, ಪ್ರತಿಯೊಂದಕ್ಕೂ ಬೆಂಬಲ ಸಿಗುವುದು ಸುಮಾರು ಒಂದು ವರ್ಷ ಮಾತ್ರ. ಇಬ್ಬರೇ ಇರುವ ತಂಡ ಬಿಲ್ಲಿಂಗ್ ಸರ್ವರನ್ನೂ ಈ ಓಟಕ್ಕೆ ಕಟ್ಟಿದರೆ, ಒಬ್ಬರು ಊರಿಗೆ ಹೋದ ವಾರವೇ ಅಪ್‌ಡೇಟ್ ತಪ್ಪುತ್ತದೆ; ಅಪ್‌ಡೇಟ್ ತಪ್ಪಿದ ಓಪನ್‌ಬಿಎಸ್‌ಡಿಗಿಂತ ತಪ್ಪದ ಡೆಬಿಯನ್ ಲಿನಕ್ಸ್ ಎಷ್ಟೋ ವಾಸಿ. ಡಿಎನ್‌ಎಸ್‌ಗೆ ಮಾತ್ರ ಓಪನ್‌ಬಿಎಸ್‌ಡಿ ಬಳಸಿ, ಅದಕ್ಕೆ ಬೇಕಾದ ಅನ್‌ಬೌಂಡ್ ಎಂಬ ತಂತ್ರಾಂಶ ಓಪನ್‌ಬಿಎಸ್‌ಡಿಯೊಳಗೇ ಇದೆ. ರೇಡಿಯಸ್‌ಗೆ ಡೆಬಿಯನ್ ಸ್ಟೇಬಲ್ ಸಾಕು. ದೀರ್ಘಾವಧಿ ಬೆಂಬಲವೂ ಸೇರಿ ಒಂದು ಆವೃತ್ತಿ ಐದು ವರ್ಷ ಬಾಳುತ್ತದೆ. ಬಿಲ್ಲಿಂಗ್ ತಂತ್ರಾಂಶ ಕೊಟ್ಟವರು ಸೆಂಟ್‌ಓಎಸ್‌ನಂತೆ ರೆಡ್ ಹ್ಯಾಟ್ ಕುಟುಂಬದ ಲಿನಕ್ಸೇ ಬೇಕೆಂದು ಹಟ ಹಿಡಿದರೆ ಅದೇ ಕುಟುಂಬದ ಆಲ್ಮಾಲಿನಕ್ಸ್ ಹಾಕಿಕೊಳ್ಳಿ.

ಸರ್ವರ್ ಕೈಕೊಟ್ಟಾಗ ಆಪರೇಟಿಂಗ್ ಸಿಸ್ಟಂ ಹೊರುವ ಬೈಗುಳದಲ್ಲಿ ಅರ್ಧದಷ್ಟು ತುಂಬಿಹೋದ ಡಿಸ್ಕ್‌ಗೆ ಸಲ್ಲಬೇಕಾದದ್ದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ 180 ದಿನಗಳ ಲಾಗ್, ಅಂದರೆ ಸರ್ವರ್ ಚಟುವಟಿಕೆಯ ದಾಖಲೆ, ಇಟ್ಟುಕೊಳ್ಳಬೇಕು. ಈ ಲಾಗ್‌ಗಳು ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕ್ ವಿಭಾಗದಲ್ಲೇ ತುಂಬುತ್ತ ಹೋದರೆ ಒಂದು ರಾತ್ರಿ ಡೇಟಾಬೇಸ್‌ಗೆ ಬರೆಯಲು ಜಾಗವಿಲ್ಲದೆ ರೇಡಿಯಸ್ ನಿಂತುಬಿಡುತ್ತದೆ. ಹಾಗಾಗಿ ಲಾಗ್‌ಗಳಿಗೆ ಮೊದಲೇ ಪ್ರತ್ಯೇಕ ಡಿಸ್ಕ್ ಕೊಡಿ.

ಮೊದಲು ಡಿಎನ್‌ಎಸ್ ಬದಲಾಯಿಸಿ, ಹೊಸ ವಿಳಾಸವನ್ನು ನೂರು ಮನೆಗಳಿಗಷ್ಟೇ ಕೊಟ್ಟು ಒಂದು ವಾರ ಗಮನಿಸಿ. ರೇಡಿಯಸ್‌ನ ನಿಜವಾದ ಪರೀಕ್ಷೆ ಇಡೀ ಬಡಾವಣೆಯ ಕರೆಂಟ್ ಹೋಗಿ ಬಂದಾಗ ನಡೆಯುತ್ತದೆ, ಏಕೆಂದರೆ ಆಗ ಎಲ್ಲ ಮನೆಗಳ ರೂಟರ್‌ಗಳೂ ಒಟ್ಟಿಗೇ ಲಾಗಿನ್ ಕೇಳುತ್ತವೆ. ಅಂಥದ್ದೊಂದು ಸಂಜೆಯನ್ನು ಹೊಸ ಸರ್ವರ್ ದಾಟುವವರೆಗೂ ಹಳೆಯದನ್ನು, ಹೊರಗಿನಿಂದ ಯಾರೂ ತಲುಪದಂತೆ ಮಾಡಿ, ಚಾಲೂ ಇಟ್ಟಿರಿ.